ನೀರಿನ ಮೇಲೊಂದು ಮಸೀದಿ

ಕೇಳುಗರಿಗೆ ನಮಸ್ಕಾರ.

ಮೊರಾಕ್ಕೊ ದೇಶದ ಕಾಸಾಬ್ಲಾಂಕಾದಲ್ಲಿ ಕೆಂಪು ಬಣ್ಣದ ಪುಟ್ಟ ಟ್ಯಾಕ್ಸಿ ಹತ್ತಿ ಕಡಲ ಕಡೆಗೆ ಹೊರಟರೆ, ದಾರಿ ಕೇಳುವ ಅಗತ್ಯವೇ ಬೀಳುವುದಿಲ್ಲ. ಎರಡನೆಯ ಹಸನ್ ದೊರೆಯ ಹೆಸರಿನ ಮಸೀದಿಯ ಮಿನಾರು ಸುಮಾರು 210 ಮೀಟರ್ ಎತ್ತರವಿದ್ದು, ಬಹುದೂರದಿಂದಲೇ ಕಾಣಿಸುತ್ತದೆ. ವಿಜಯಪುರದ ದುಂಡನೆಯ ಗುಮ್ಮಟಗಳಿಗೂ ತೆಳು ಮಿನಾರುಗಳಿಗೂ ಒಗ್ಗಿದ ನನ್ನ ಕಣ್ಣಿಗೆ, ಬುಡದಿಂದ ತುದಿಯವರೆಗೆ ಚೌಕವಾಗಿಯೇ ಏರಿದ ಈ ಗೋಪುರ ಮೊದಲು ಮಸೀದಿಯದೆಂದೇ ತೋರಲಿಲ್ಲ. ಆದರೆ ಮರಾಕೆಶ್‌ನ ಕುತುಬಿಯಾ ಮಸೀದಿಯಿಂದ ಹಿಡಿದು ಆ ನಾಡಿನ ಮಿನಾರುಗಳ ಪದ್ಧತಿಯೇ ಹಾಗೆ.

ದೇವರ ಸಿಂಹಾಸನವು ನೀರಿನ ಮೇಲಿತ್ತು ಎಂಬ ಕುರ್‌ಆನಿನ ಮಾತನ್ನು ನೆನೆದು, ದೊರೆ ಈ ಮಸೀದಿಯ ಒಂದು ಭಾಗವನ್ನು ಅಟ್ಲಾಂಟಿಕ್ ಸಾಗರದ ಮೇಲೆಯೇ ಕಟ್ಟಿಸಿದರು. 1986ರಲ್ಲಿ ಆರಂಭವಾದ ಕೆಲಸ ಮುಗಿದು, 1993ರಲ್ಲಿ ಉದ್ಘಾಟನೆಯಾಯಿತು. ನಕ್ಷೆ ಮಿಶೆಲ್ ಪಿನ್ಸೋ ಎಂಬ ಫ್ರೆಂಚ್ ವಾಸ್ತುಶಿಲ್ಪಿಯದು. ಖರ್ಚಿನ ಬಹುಪಾಲು ಜನರ ವಂತಿಗೆಯಿಂದ ಬಂತು. ಆ ವಂತಿಗೆಯನ್ನು ಎಲ್ಲರೂ ಮನಸಾರೆ ಕೊಟ್ಟರೇ ಎಂಬ ಪ್ರಶ್ನೆ ಅಂದೇ ಎದ್ದಿತ್ತು, ಮತ್ತು ಅದನ್ನು ಮರೆತು ಈ ವೈಭವವನ್ನು ಹೊಗಳುವುದು ಸರಿಯಲ್ಲವೆಂದು ನನಗನ್ನಿಸುತ್ತದೆ.

ಮೊರಾಕ್ಕೊದಲ್ಲಿ ಮುಸ್ಲಿಮೇತರರಿಗೆ ಪ್ರವೇಶವಿರುವ ಮಸೀದಿಗಳು ತೀರ ವಿರಳ. ಇಲ್ಲಿ ಪ್ರಾರ್ಥನೆಯ ವೇಳೆ ಬಿಟ್ಟು, ಮಾರ್ಗದರ್ಶಿಯ ಜೊತೆಯಲ್ಲಿ ಒಳಗೆ ಹೋಗಬಹುದು. ಚಪ್ಪಲಿಯನ್ನು ಚೀಲದಲ್ಲಿಟ್ಟು ಕೈಯಲ್ಲಿ ಹಿಡಿದುಕೊಂಡೇ ನಡೆಯಬೇಕು. 25,000 ಜನ ಒಟ್ಟಿಗೆ ನಮಾಜು ಮಾಡಬಹುದಾದ ಆ ಹಜಾರದಲ್ಲಿ ಮಾತು ತಾನಾಗಿಯೇ ಪಿಸುಗುಟ್ಟುವಿಕೆಗೆ ಇಳಿಯುತ್ತದೆ. ಮೇಲೆ ನೋಡಿದರೆ ಅಟ್ಲಾಸ್ ಬೆಟ್ಟಗಳ ದೇವದಾರು ಮರದಲ್ಲಿ ಕೆತ್ತಿ ಬಣ್ಣ ತುಂಬಿದ ಚಾವಣಿ. ಅದರ ನಡುಭಾಗ ಯಂತ್ರದ ಬಲದಿಂದ ಸರಿದು, ಒಳಗಿದ್ದವರಿಗೆ ಆಕಾಶ ಕಾಣುತ್ತದೆ.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಗೋಡೆಯ ಜೆಲ್ಲಿಜ್ ಕೆಲಸ. ಮೆರುಗು ಕೊಟ್ಟ ಹೆಂಚಿನ ಬಿಲ್ಲೆಯನ್ನು ಕುಶಲಕರ್ಮಿಯು ಚೂಪು ಅಂಚಿನ ಸುತ್ತಿಗೆಯಿಂದ ತಟ್ಟಿ ತಟ್ಟಿ ಬೆರಳುಗುರಿನಷ್ಟು ಚಿಕ್ಕ ನಕ್ಷತ್ರಗಳಾಗಿ, ಪಟ್ಟಿಗಳಾಗಿ ಒಡೆಯುತ್ತಾನೆ. ಆಮೇಲೆ ಅವುಗಳನ್ನು ಬಣ್ಣದ ಮುಖ ಕೆಳಗಾಗಿ ನೆಲದ ಮೇಲೆ ಜೋಡಿಸಿ, ಬೆನ್ನಿಗೆ ಗಾರೆ ಸುರಿಯುತ್ತಾರೆ. ಅಂದರೆ ತಾನು ಕೂಡಿಸುತ್ತಿರುವ ಚಿತ್ತಾರವನ್ನು ಕೆಲಸಗಾರ ಕಾಣದೆಯೇ, ಮನಸ್ಸಿನಲ್ಲಿ ಇಟ್ಟುಕೊಂಡೇ ಮುಗಿಸಬೇಕು. ನೆಲಮಾಳಿಗೆಯಲ್ಲಿ, ವುಜು ಮಾಡುವ, ಅಂದರೆ ನಮಾಜಿಗೆ ಮುನ್ನ ಕೈಕಾಲು ಮುಖ ತೊಳೆಯುವ ಅಮೃತಶಿಲೆಯ ಕಾರಂಜಿಗಳ ಬಳಿ, ತಡೆಲಾಕ್ತ್ ಎಂಬ ಇನ್ನೊಂದು ಕಸುಬನ್ನು ಕಾಣಬಹುದು: ಸುಣ್ಣದ ಗಾರೆಯನ್ನು ನುಣುಪು ಕಲ್ಲಿನಿಂದ ಉಜ್ಜಿ, ಆಲಿವ್ ಎಣ್ಣೆಯ ಕಪ್ಪು ಸಾಬೂನು ಸವರಿದರೆ ನೀರು ಹೀರದ ಮೈ ಬರುತ್ತದೆ. ಬೆಲ್ಲದ ನೀರು ಬೆರೆಸಿ ಸುಣ್ಣ ಅರೆಯುತ್ತಿದ್ದ ನಮ್ಮ ಗಾರೆ ಕೆಲಸದವರು ಇದನ್ನು ಕಂಡಿದ್ದರೆ ಒಮ್ಮೆ ಮುಟ್ಟಿ ನೋಡದೆ ಬಿಡುತ್ತಿರಲಿಲ್ಲ.

ಸುಣ್ಣಕ್ಕೆ ಒಲಿದ ನೀರು ಕಾಂಕ್ರೀಟಿಗೆ ಒಲಿಯಲಿಲ್ಲ. ಕಡಲ ಉಪ್ಪು ಒಳಗಿಳಿದು ಕಬ್ಬಿಣದ ಸರಳುಗಳಿಗೆ ತುಕ್ಕು ಹಿಡಿಸಿತು, ಉಬ್ಬಿದ ಸರಳು ಕಾಂಕ್ರೀಟನ್ನು ಬಿರಿಸಿತು. ಉದ್ಘಾಟನೆಯಾಗಿ ಹನ್ನೆರಡೇ ವರ್ಷಕ್ಕೆ, 2005ರಲ್ಲಿ, ದೊಡ್ಡ ದುರಸ್ತಿಯನ್ನೇ ಆರಂಭಿಸಬೇಕಾಯಿತು.

ಹೊರಗೆ ಬಂದು, ತಡೆಗೋಡೆಗೆ ಅಪ್ಪಳಿಸುವ ಅಲೆಗಳನ್ನು ನೋಡುತ್ತ ಅರ್ಧ ಗಂಟೆ ಕುಳಿತಿದ್ದೆ. ಏಳುವ ಹೊತ್ತಿಗೆ ನನ್ನ ಕನ್ನಡಕದ ಗಾಜಿನ ಮೇಲೆ ಉಪ್ಪಿನ ತೆಳು ಪೊರೆ ಕಟ್ಟಿತ್ತು.