ಮೊದಲ ಕಾದಂಬರಿ ಬರೆಯುವವರು ಸಾಹಿತ್ಯ ಸಮ್ಮೇಳನಕ್ಕೆ ಹೋಗಬೇಕಾ?

ಎಲ್ಲರಿಗೂ ನಮಸ್ಕಾರ. ಗದಗಿನ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. "ಅಣ್ಣಾರ, ಮೊದಲ ಕಾದಂಬರಿ ಅರ್ಧ ಆಗಿದೆ. ಸಮ್ಮೇಳನ, ಸಂಭ್ರಮ ಅಂತ ಓಡಾಡಿದರೆ ಏನಾದರೂ ಸಿಗುತ್ತಾ? ಅದೇ ಹೊತ್ತಿನಲ್ಲಿ ಇನ್ನೊಂದು ಅಧ್ಯಾಯ ಬರೆಯಬಹುದಲ್ಲ?"

ಬರವಣಿಗೆ ಭರದಲ್ಲಿ ಸಾಗಿದ್ದರೆ ಮನೆಯಲ್ಲೇ ಇರಿ, ಕೈ ಬಿಡಬೇಡಿ. ಎಲ್ಲೋ ಸಿಕ್ಕಿಹಾಕಿಕೊಂಡು ನಿಂತಿದ್ದರೆ ಖಂಡಿತ ಹೋಗಿ. ಹೋದಮೇಲೆ ವೇದಿಕೆಗಿಂತ ಜಾಸ್ತಿ ಹೊತ್ತು ಪುಸ್ತಕ ಮಳಿಗೆಯಲ್ಲಿ ಕಳೆಯಿರಿ. ಯಾಕೆ ಅಂತ ಹೇಳ್ತೇನೆ.



ಹಿನ್ನೆಲೆ ಬೇಗ ಮುಗಿಸೋಣ. ಕನ್ನಡ ಸಾಹಿತ್ಯ ಸಮ್ಮೇಳನ 1915ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಈಚಿನ ವರ್ಷಗಳಲ್ಲಿ ನಮ್ಮ ಧಾರವಾಡ ಸೀಮೆಗೆ ಮೂರು ಸಲ ಬಂದಿದೆ. 2010ರಲ್ಲಿ ಗದಗ, 2019ರಲ್ಲಿ ಧಾರವಾಡ, 2023ರಲ್ಲಿ ಹಾವೇರಿ. ಸಂಭ್ರಮ ಅಂದರೆ ಧಾರವಾಡ ಸಾಹಿತ್ಯ ಸಂಭ್ರಮ, ಒಂದು ಸಾಹಿತ್ಯ ಉತ್ಸವ. ಅದು ಶುರುವಾದದ್ದು 2013ರಲ್ಲಿ. ಇವೆರಡನ್ನೂ ಬಿಟ್ಟರೆ ಕಮ್ಮಟಗಳಿವೆ. ಕೆಲವೇ ಜನ ಕೂತು, ಬರೆದದ್ದನ್ನು ಓದಿ, ತಿದ್ದುವ ಜಾಗ. ಬರೆಯೋದನ್ನು ಕಲಿಯಬೇಕಾದರೆ ಕಮ್ಮಟಕ್ಕೆ ಹೋಗಬೇಕು. ಸಮ್ಮೇಳನದ ಗೋಷ್ಠಿಯಲ್ಲಿ ಒಬ್ಬೊಬ್ಬರಿಗೆ ಹತ್ತು ಹದಿನೈದು ನಿಮಿಷ ಸಿಗುತ್ತೆ. ಅಷ್ಟರಲ್ಲಿ ಕಾದಂಬರಿ ಕಟ್ಟೋದನ್ನು ಯಾರು ತಾನೇ ಕಲಿಸೋಕಾಗುತ್ತೆ?

ಈಗ ಮಳಿಗೆಗೆ ಬರೋಣ.

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ನೋಡಿದ್ದೀರಾ? ಉದ್ದಕ್ಕೂ ಚೀಲಗಳ ಸಾಲು. ಖರೀದಿದಾರ ಬಂದು ಒಂದು ಹಿಡಿ ಕಾಯಿ ಎತ್ತುತ್ತಾನೆ. ಬಣ್ಣ ನೋಡುತ್ತಾನೆ. ಒಣಗಿದೆಯಾ ಅಂತ ಹಿಸುಕುತ್ತಾನೆ. ಬೇಕಾದರೆ ಬೆಲೆ ಬರೆದುಕೊಳ್ಳುತ್ತಾನೆ, ಬೇಡ ಅಂದರೆ ಕೈ ಝಾಡಿಸಿ ಮುಂದಿನ ಚೀಲಕ್ಕೆ ಹೋಗುತ್ತಾನೆ. ರೈತ ಅಲ್ಲೇ ನಿಂತು ಎಲ್ಲಾ ನೋಡುತ್ತಿರುತ್ತಾನೆ. ತನ್ನ ವರ್ಷದ ದುಡಿಮೆ ಇನ್ನೊಬ್ಬರ ಕೈಯಲ್ಲಿ ಎಷ್ಟು ಹೊತ್ತು ನಿಂತಿತು, ಎಲ್ಲಿ ಜಾರಿತು ಅನ್ನೋದು ಅವನಿಗೆ ಗೊತ್ತಾಗುತ್ತೆ. ಕಾದಂಬರಿ ಬರೆಯುವವರಿಗೆ ಇದು ಗೊತ್ತಾಗೋದೇ ಇಲ್ಲ. ಪುಸ್ತಕ ಎಲ್ಲೋ ಅಚ್ಚಾಗುತ್ತೆ, ಯಾರೋ ಕೊಳ್ಳುತ್ತಾರೆ. ಅದನ್ನು ಎತ್ತಿ ನೋಡಿ ವಾಪಸ್ ಇಟ್ಟವರ ಮುಖ ನಮಗೆ ಕಾಣಿಸೋದು ಮಳಿಗೆಯಲ್ಲಿ ಮಾತ್ರ.

ಹಾವೇರಿ ಸಮ್ಮೇಳನದಲ್ಲಿ ಒಬ್ಬ ಹೆಣ್ಣುಮಗಳು ಒಂದು ಕಾದಂಬರಿ ಎತ್ತಿಕೊಂಡರು. ಮೊದಲು ಬೆನ್ನುಪುಟ, ಆಮೇಲೆ ಬೆಲೆ. ಮುನ್ನುಡಿ ದಾಟಿ ಸೀದಾ ನಡುವಿನ ಒಂದು ಪುಟ ತೆಗೆದರು. ಹಿಂದಿನಿಂದ ಜನ ನೂಕುತ್ತಿದ್ದರು. ಅವರು ಪುಟದ ನಡುವೆ ಹೆಬ್ಬೆರಳಿಟ್ಟು ನಿಂತಲ್ಲೇ ಓದಿದರು. "ಇದು ಯಾವ ಕಡೆ ಕತಿರೀ?" ಅಂತ ಕೇಳಿದರು. ಮಳಿಗೆಯ ಹುಡುಗ "ನಮ್ ಕಡೇದ ಐತ್ರಿ ಅಕ್ಕಾರ" ಅಂದ. ಪರ್ಸ್ ತೆಗೆದರು.

ಅಲ್ಲೇ ನಿಂತು ನೋಡಿ. ತುಂಬಾ ಜನ ಹೀಗೇ ನಡುವಿನ ಪುಟ ತೆಗೀತಾರೆ. ನಾವೋ ಮೊದಲ ಅಧ್ಯಾಯವನ್ನೇ ತಿದ್ದಿ ತಿದ್ದಿ ಇಡ್ತೇವೆ, ನಡುವೆ ಕತೆ ಜೋತು ಬಿದ್ದರೂ ನಡೆಯುತ್ತೆ ಅಂದುಕೊಳ್ತೇವೆ. ನಿಮ್ಮ ಕಾದಂಬರಿ ಅರ್ಧದಲ್ಲಿ ನಿಂತಿದೆ ಅಂದರೆ ಆ ನಡುವಿನ ಪುಟವೇ ಈಗ ನಿಮ್ಮ ಎದುರಿಗಿದೆ, ಅಲ್ವಾ? ಮಳಿಗೆಯಲ್ಲಿ ಅರ್ಧ ದಿನ ನಿಂತು ಬಂದರೆ ಅದನ್ನು ಬೇರೆ ಕಣ್ಣಿನಿಂದ ನೋಡ್ತೀರಿ.

[ದೃಶ್ಯ: ಧಾರವಾಡ, ಸುಭಾಸ ರಸ್ತೆ]

ಓದುಗರನ್ನು ಹತ್ತಿರದಿಂದ ಬಲ್ಲವರು ನಮ್ಮ ಊರಿನಲ್ಲೇ ಇದ್ದರು. ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆ ಅನ್ನೋ ಪ್ರಕಾಶನ, 1933ರಲ್ಲಿ ಶುರುವಾದದ್ದು. ಓದುಗರು ಮೊದಲೇ ಚಂದಾ ಕಟ್ಟಿ ಸದಸ್ಯರಾಗುತ್ತಿದ್ದರು, ಪುಸ್ತಕಗಳು ಅವರ ಮನೆಗೆ ಹೋಗುತ್ತಿದ್ದವು. ಯಾರಿಗಾಗಿ ಅಚ್ಚು ಹಾಕ್ತಿದ್ದೇವೆ ಅನ್ನೋದು ಪ್ರಕಾಶಕರಿಗೆ ಗೊತ್ತಿತ್ತು. ಅವರ ಮಹಡಿಯ ಕಚೇರಿ 'ಅಟ್ಟ'ದಲ್ಲಿ ಲೇಖಕರು ಸೇರಿ ಹರಟುತ್ತಿದ್ದರು, ಜಗಳ ಆಡುತ್ತಿದ್ದರು. ಗಿರೀಶ ಕಾರ್ನಾಡರ ನಾಟಕಗಳು ಹೊರಬಂದದ್ದೂ ಇಲ್ಲಿಂದಲೇ. ಇನ್ನು 1890ರಲ್ಲಿ ಹುಟ್ಟಿದ, ಕನ್ನಡದ ಕೆಲಸ ಮಾಡುವ ಕರ್ನಾಟಕ ವಿದ್ಯಾವರ್ಧಕ ಸಂಘ ಧಾರವಾಡದಲ್ಲೇ ಇದೆ. ಗದಗಿನಿಂದ ಬಂದು ಸಂಜೆಯ ಕಾರ್ಯಕ್ರಮ ಕೇಳಿಕೊಂಡು ರಾತ್ರಿಯೊಳಗೆ ಮನೆ ಸೇರಬಹುದು. ದೊಡ್ಡ ಸಮ್ಮೇಳನಕ್ಕೆ ವರ್ಷಗಟ್ಟಲೆ ಕಾಯಬೇಕಿಲ್ಲ.

ಟೈಮ್ ಆಗ್ತಾ ಬಂತು. ಉಳಿದದ್ದನ್ನು ಒಟ್ಟಿಗೆ ಹೇಳಿಬಿಡ್ತೇನೆ. ದೊಡ್ಡ ಲೇಖಕರ ಕೈಗೆ ಇಡೀ ಹಸ್ತಪ್ರತಿ ತುರುಕಬೇಡಿ, ಪಾಪ, ಅವರು ಅದನ್ನು ಹೊತ್ತುಕೊಂಡು ಎಲ್ಲಿಗೆ ಹೋಗಬೇಕು! ನಿಮ್ಮ ಹಾಗೇ ಮೊದಲ ಪುಸ್ತಕ ಬರೆಯುತ್ತಿರುವ ಒಬ್ಬರ ನಂಬರ್ ತಗೊಳ್ಳಿ, ಅವರದ್ದನ್ನು ನೀವು ಓದಿ, ನಿಮ್ಮದನ್ನು ಅವರು ಓದಲಿ. ಸರ್ಕಾರದ ಕನ್ನಡ ಪುಸ್ತಕ ಪ್ರಾಧಿಕಾರದ ಮಳಿಗೆ ಕಂಡರೆ ಯುವ ಬರಹಗಾರರ ಚೊಚ್ಚಲ ಕೃತಿಗೆ ಕೊಡುವ ಸಹಾಯಧನದ ಬಗ್ಗೆ ವಿಚಾರಿಸಿ. ಪ್ರಕಾಶಕರು ಸಿಕ್ಕರೆ ಮಧ್ಯಾಹ್ನ ಜನ ಊಟಕ್ಕೆ ಹೋದಾಗ ಮಾತಾಡಿಸಿ, ಆಗ ಅವರಿಗೂ ಬಿಡುವು. ಎಷ್ಟು ಪ್ರತಿ ಅಚ್ಚು ಹಾಕ್ತೀರಿ, ಕರಡು ಯಾರು ತಿದ್ದುತ್ತಾರೆ, ಲೇಖಕರೇ ಪ್ರತಿ ಕೊಳ್ಳಬೇಕಾ, ಈ ಮೂರನ್ನು ಸಂಕೋಚ ಇಲ್ಲದೆ ಕೇಳಿ. ಮೂರನೆಯದಕ್ಕೆ ನೇರ ಉತ್ತರ ಬರದಿದ್ದರೆ ನಮಸ್ಕಾರ ಹೇಳಿ ಪಕ್ಕದ ಮಳಿಗೆಗೆ ನಡೆಯಿರಿ.