625 ಮಾತ್ರೆಯಲ್ಲಿ ಆ 125 ಏನು ಮಾಡುತ್ತದೆ?

ಕೇಳುಗರೇ, ನಮಸ್ಕಾರ. ಮನೆಯ ಔಷಧಿ ಡಬ್ಬಿಯಲ್ಲಿ 625 ಅಂತ ಬರೆದ ಆ್ಯಂಟಿಬಯೋಟಿಕ್ ಮಾತ್ರೆ ಇದ್ದರೆ, ಸ್ಟ್ರಿಪ್ ತಿರುಗಿಸಿ ಸಣ್ಣಕ್ಷರ ಓದಿ. ಅಮಾಕ್ಸಿಸಿಲಿನ್ 500 ಮಿಲಿಗ್ರಾಂ, ಕ್ಲಾವುಲಾನಿಕ್ ಆಸಿಡ್ 125. ಬ್ಯಾಕ್ಟೀರಿಯಾ ಕೊಲ್ಲುವುದು ಆ 500. ಮತ್ತೆ ಈ 125 ಯಾಕೆ?

ಪೆನಿಸಿಲಿನ್ ಬಳಗದ ಮದ್ದುಗಳಲ್ಲೆಲ್ಲ ನಾಲ್ಕು ಮೂಲೆಯ ಒಂದು ಪುಟ್ಟ ಉಂಗುರ ಇರುತ್ತದೆ. ಹೆಸರು ಬೀಟಾ ಲ್ಯಾಕ್ಟಮ್. ಬಗ್ಗಿಸಿ ಕಟ್ಟಿದ ಬಿದಿರಿನ ಹಾಗೆ, ಸಿಡಿಯಲು ಕಾದಿರುತ್ತದೆ. ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟಲು ಬಳಸುವ ಕಿಣ್ವ ಇದನ್ನು ಮುಟ್ಟಿತೋ, ಉಂಗುರ ಬಿಚ್ಚಿ ಅಂಟಿಕೊಂಡುಬಿಡುತ್ತದೆ. ಎಣ್ಣೆ ಸವರದೆ ಹಲಸಿನ ಹಣ್ಣಿಗೆ ಕೈ ಹಾಕಿದರೆ ಮೇಣ ಮೆತ್ತಿಕೊಳ್ಳುತ್ತದಲ್ವಾ, ಹಾಗೆ. ಗೋಡೆ ಕೆಲಸ ನಿಂತಿತು, ಬ್ಯಾಕ್ಟೀರಿಯಾ ಒಡೆಯಿತು.

ಆದರೆ ಕೆಲವು ಬ್ಯಾಕ್ಟೀರಿಯಾಗಳ ಹತ್ತಿರ ಇನ್ನೊಂದು ಕಿಣ್ವ ಇದೆ, ಬೀಟಾ ಲ್ಯಾಕ್ಟಮೇಸ್. ಇದೂ ಉಂಗುರಕ್ಕೇ ಕೈ ಹಾಕುತ್ತದೆ. ಇದರ ಎಣ್ಣೆ ಅಂದರೆ ಬರೀ ನೀರು! ಒಂದು ನೀರಿನ ಅಣುವಿನಿಂದ ಮೇಣ ಬಿಡಿಸಿಕೊಂಡು, ಮುರಿದ ಮದ್ದನ್ನು ಆಚೆ ಎಸೆದು, ಮುಂದಿನದಕ್ಕೆ ಹೊರಡುತ್ತದೆ.

ಆಕ್ಸ್‌ಫರ್ಡ್‌ನಲ್ಲಿ ಅಬ್ರಹಾಂ ಮತ್ತು ಚೈನ್ ಎಂಬ ವಿಜ್ಞಾನಿಗಳು ಇಂಥ ಕಿಣ್ವದ ಬಗ್ಗೆ ಬರೆದದ್ದು 1940ರಲ್ಲಿ. ಅಲ್ಲಿನ ವೈದ್ಯರು ರೋಗಿಗೆ ಪೆನಿಸಿಲಿನ್ ಚುಚ್ಚಿದ್ದು 1941ರಲ್ಲಿ! ಹಾಗಾಗಿ ಕಿಣ್ವವನ್ನು ನಾವು ಹುಟ್ಟಿಸಿದೆವು ಅಂದರೆ ನಾನು ಒಪ್ಪುವುದಿಲ್ಲ. ನೆಗಡಿಗೂ ಸುಮ್ನೆ ಆ್ಯಂಟಿಬಯೋಟಿಕ್ ನುಂಗಿ, ಆ ಕಿಣ್ವ ಇರುವ ಬ್ಯಾಕ್ಟೀರಿಯಾಗಳನ್ನೇ ಉಳಿಸಿ ಬೆಳೆಸಿದ್ದು ಮಾತ್ರ ನಾವೇ.

ಈಗ ಆ 125ಕ್ಕೆ ಬರೋಣ. ಕ್ಲಾವುಲಾನಿಕ್ ಆಸಿಡ್‌ನಲ್ಲೂ ಅದೇ ಉಂಗುರ ಇದೆ. ಆದರೆ ಇದರ ಮೇಣ ನೀರಿಗೆ ಬಿಡುವುದಿಲ್ಲ. ಮುರಿಯಲು ಬಂದ ಕಿಣ್ವ ಅಲ್ಲೇ ಅಂಟಿ ಕೂರುತ್ತದೆ. ಅಷ್ಟರಲ್ಲಿ 500 ತನ್ನ ಕೆಲಸ ಮುಗಿಸುತ್ತದೆ.

ಎಲ್ಲ ಕಿಣ್ವಗಳೂ ಹೀಗೆ ಸಿಕ್ಕಿಬೀಳುವುದಿಲ್ಲ. 2008ರಲ್ಲಿ ಸ್ವೀಡನ್‌ನ ಒಬ್ಬ ರೋಗಿಯಲ್ಲಿ ಹೊಸದೊಂದು ಕಿಣ್ವ ಕಂಡಿತು. ಅವರು ಮೊದಲು ದೆಹಲಿಯಲ್ಲಿ ಚಿಕಿತ್ಸೆ ಪಡೆದಿದ್ದರು. ಅದಕ್ಕೆ ಎನ್‌ಡಿಎಂ-1 ಅಂತ ಹೆಸರಿಟ್ಟರು. ಎನ್‌ಡಿ ಅಂದರೆ ನ್ಯೂ ಡೆಲ್ಲಿ. ಹೆಸರಿಗೆ ನಮ್ಮಲ್ಲಿ ಸಿಟ್ಟು ಬಂತು. ನನಗೆ ಹೆಸರಿಗಿಂತ ಅದರ ಕೈಚಳಕದ ಭಯವೇ ಜಾಸ್ತಿ. ಇದು ಉಂಗುರಕ್ಕೆ ಬರಿಗೈ ಹಾಕುವುದೇ ಇಲ್ಲ. ಎರಡು ಸತುವಿನ ಅಯಾನುಗಳನ್ನು ಇಟ್ಟುಕೊಂಡು ನೀರನ್ನೇ ನೇರವಾಗಿ ಅದರ ಮೇಲೆ ಬಿಡುತ್ತದೆ. ಮೇಣ ಮೆತ್ತಲು ಕೈಯೇ ಸಿಗದು. ಕೊನೆಗೆಂದು ಕಾಯ್ದಿಟ್ಟ ಕಾರ್ಬಪೆನೆಮ್ ಮದ್ದುಗಳನ್ನೂ ಮುರಿಯುತ್ತದೆ. ಇದರ ಜೀನ್ ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು. ದೆಹಲಿಯ ನೀರಿನಲ್ಲಿ ಹುಡುಕಿದವರ ವರದಿ 2011ರಲ್ಲಿ ಬಂತು. ರಸ್ತೆಯಲ್ಲಿ ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲಿ ಆ ಜೀನ್ ಇತ್ತು. ನಲ್ಲಿ ನೀರಿನ 50 ಮಾದರಿಗಳ ಪೈಕಿ 2ರಲ್ಲಿ.