ಗಿರಣಿಗೆ ಸುರಿದ ಕಾಳು

ಕೇಳುಗರಿಗೆ ನಮಸ್ಕಾರ.

ನಾನು ಚಿಕ್ಕವನಿದ್ದಾಗ ನಮ್ಮೂರಿನಲ್ಲಿ ಇದ್ದದ್ದು ಒಂದೇ ಹಿಟ್ಟಿನ ಗಿರಣಿ, ಅದರಲ್ಲಿ ಒಂದೇ ಯಂತ್ರ. ರಾಗಿಗೂ ಅದೇ, ಅಕ್ಕಿಗೂ ಅದೇ, ಒಣಮೆಣಸಿನಕಾಯಿಗೂ ಅದೇ. ರಾಗಿಯ ಡಬ್ಬವನ್ನು ಕೈಗೆ ಕೊಡುವಾಗ ಅಮ್ಮ ತಪ್ಪದೆ ಒಂದು ಮಾತು ಹೇಳುತ್ತಿದ್ದರು: “ನಿನಗಿಂತ ಮೊದಲು ಏನು ಬೀಸಿದ್ದಾರೆ ಕೇಳು, ಆಮೇಲೆ ಸುರಿ.” ಒಂದು ಸಂಜೆ ಆಟದ ಗಡಿಬಿಡಿಯಲ್ಲಿ ನಾನು ಕೇಳಲಿಲ್ಲ. ರಾತ್ರಿ ಮುದ್ದೆ ಮುರಿದು ಬಾಯಿಗಿಟ್ಟ ತಂಗಿ ಕಣ್ಣು ಮೂಗು ಒರೆಸಿಕೊಂಡು ಅತ್ತಳು. ಅಮ್ಮ ಬೈಯಲಿಲ್ಲ. ಆ ಹಿಟ್ಟು ಮುಗಿಯುವ ತನಕ ಅದರ ಮುದ್ದೆಯನ್ನು ನನ್ನ ತಟ್ಟೆಗೆ ಮಾತ್ರ ಹಾಕಿದರು.

ಎಷ್ಟೋ ವರ್ಷಗಳ ಮೇಲೆ ಈಜಿಪ್ಟಿನ ಮರುಭೂಮಿಯ ಒಬ್ಬ ಸನ್ಯಾಸಿಯ ಮಾತು ಓದುವಾಗ ಆ ಮುದ್ದೆಯ ಖಾರ ನಾಲಗೆಗೆ ಮರಳಿ ಬಂತು. ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಜಾನ್ ಕ್ಯಾಸಿಯನ್ ಎಂಬಾತ ಗೆಳೆಯ ಜೆರ್ಮಾನಸ್ ಜೊತೆ ಸ್ಕೀಟಿಸ್ ಮರುಭೂಮಿಗೆ ಹೋಗುತ್ತಾನೆ, ಅಬ್ಬಾ ಮೋಸೆ ಎಂಬ ಹಿರಿಯರ ಬಳಿ ಆ ಗೆಳೆಯ ಮನಸ್ಸಿನ ಕಾಟವನ್ನು ತೋಡಿಕೊಳ್ಳುತ್ತಾನೆ. ಬೇಡದ ಯೋಚನೆಗಳು ಕರೆಯದೆ ಬಂದು ಕೂರುತ್ತವೆ, ಓಡಿಸಿದರೂ ಹೋಗುವುದಿಲ್ಲ, ಏನು ಮಾಡಲಿ? ಹಿರಿಯರು ನೀರಿನ ರಭಸಕ್ಕೆ ತಿರುಗುವ ಬೀಸುವ ಕಲ್ಲನ್ನು ತೋರಿಸಿದಂತೆ ಉತ್ತರ ಕೊಟ್ಟರು. ನೀರು ಹರಿಯುವವರೆಗೆ ಕಲ್ಲು ನಿಲ್ಲುವುದಿಲ್ಲ. ಅದನ್ನು ನಿಲ್ಲಿಸುವುದು ನಿನ್ನ ಕೈಯಲ್ಲಿಲ್ಲ. ಆದರೆ ಅದಕ್ಕೆ ಗೋಧಿ ಹಾಕಬೇಕೋ, ಬಾರ್ಲಿ ಹಾಕಬೇಕೋ, ಕಳೆಯ ಬೀಜ ಹಾಕಬೇಕೋ, ಅದು ಗಿರಣಿಯವನ ಕೈಯಲ್ಲಿದೆ.

ಯೋಚನೆ ಬಂದದ್ದಕ್ಕೇ ಮನುಷ್ಯ ಕೆಟ್ಟವನಾಗುವುದಿಲ್ಲ ಎಂದು ಆ ಕಾಲದಲ್ಲೇ ಇಷ್ಟು ಸಲೀಸಾಗಿ ಹೇಳಿದರಲ್ಲ! ಆದರೆ ನನಗೊಂದು ತಕರಾರಿದೆ. ನಾವು ಗಿರಣಿಯವರಾಗಿ ನಿಲ್ಲುವ ಹೊತ್ತಿಗೆ ಬೇರೆಯವರು ಎಷ್ಟೋ ಬೀಸಿ ಹೋಗಿರುತ್ತಾರಲ್ಲ? ಅಪ್ಪ, ಅಮ್ಮ, ಅಜ್ಜಿ, ಮೇಷ್ಟರು, ಬೀದಿಯ ಗೆಳೆಯರು. ಅವರು ಬಿಟ್ಟುಹೋದ ಪುಡಿ ಕಲ್ಲಿನ ಸಂದಿಯಲ್ಲಿ ಕೂತಿರುತ್ತದೆ. ಪವಿತ್ರ ಗ್ರಂಥದಲ್ಲೂ ಪೌಲನು ತರುಣ ತಿಮೊಥೆಯನಿಗೆ ಬರೆಯುವಾಗ, ನಿನ್ನ ನಂಬಿಕೆ ಮೊದಲು ನಿನ್ನ ಅಜ್ಜಿ ಲೋವಿಯಲ್ಲಿ, ತಾಯಿ ಯೂನಿಕೆಯಲ್ಲಿ ಇತ್ತು ಎಂದು ನೆನಪಿಸುತ್ತಾನೆ.

ಇದನ್ನು ಒಂದೇ ಸಂಸಾರದಲ್ಲಿ ಹತ್ತಿರದಿಂದ ನೋಡಬಹುದು. ಉತ್ತರ ಆಫ್ರಿಕಾದ ಥಗಾಸ್ತೆ, ಅಂದರೆ ಇಂದಿನ ಅಲ್ಜೀರಿಯಾದ ಒಂದು ಊರು. ಅಲ್ಲಿ 354ರಲ್ಲಿ ಸಂತ ಅಗಸ್ಟೀನ್ ಹುಟ್ಟಿದ. ಅವನ ತಾಯಿ ಮೋನಿಕಾ. ತಾಯಿಯ ಬಾಲ್ಯದ ಒಂದು ಪ್ರಸಂಗವನ್ನು ಮಗನೇ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾನೆ. ಮೋನಿಕಾಳ ತವರಿನಲ್ಲಿ ಒಬ್ಬ ಮುದುಕಿ ದಾಸಿ ಇದ್ದಳು. ಮೋನಿಕಾಳ ತಂದೆಯನ್ನು ಕೂಸಾಗಿದ್ದಾಗ ಬೆನ್ನ ಮೇಲೆ ಹೊತ್ತು ಆಡಿಸಿದವಳು. ಆದ್ದರಿಂದ ಮನೆಯಲ್ಲಿ ಅವಳ ಮಾತಿಗೆ ತೂಕ. ಊಟದ ಹೊತ್ತು ಬಿಟ್ಟರೆ ಹೆಣ್ಣುಮಕ್ಕಳು ಎಷ್ಟೇ ಬಾಯಾರಿದರೂ ನೀರು ಕುಡಿಯುವಂತಿರಲಿಲ್ಲ. ಅವಳ ಲೆಕ್ಕಾಚಾರ ಹೀಗೆ: ಈಗ ನೀರು ಕುಡಿಯುತ್ತೀರಿ, ಏಕೆಂದರೆ ದ್ರಾಕ್ಷಾರಸ ನಿಮ್ಮ ಕೈಗೆ ಸಿಗುವುದಿಲ್ಲ. ನಾಳೆ ಮದುವೆಯಾಗಿ ಉಗ್ರಾಣದ ಬೀಗದ ಕೈ ಸೊಂಟಕ್ಕೆ ಬಂದಾಗ ನೀರು ಸಪ್ಪೆಯೆನಿಸುತ್ತದೆ, ಕುಡಿಯುವ ಚಟ ಮಾತ್ರ ಉಳಿಯುತ್ತದೆ.

ಇಷ್ಟು ಮುಂದಾಲೋಚನೆಯ ಶಿಸ್ತು ಏನಾಯಿತು ಗೊತ್ತೇ? ಪೀಪಾಯಿಯಿಂದ ದ್ರಾಕ್ಷಾರಸ ತರಲು ಮನೆಯವರು ಹುಡುಗಿಯನ್ನೇ ಕಳುಹಿಸುತ್ತಿದ್ದರು. ಹೂಜಿಗೆ ಸುರಿಯುವ ಮುನ್ನ ಅವಳು ಬಟ್ಟಲಿಗೆ ತುಟಿ ತಾಗಿಸಿದಳು. ಆಸೆಯಿಂದಲ್ಲ, ಹುಡುಗಾಟಕ್ಕೆ. ಮರುದಿನ ಇನ್ನೊಂದು ತೊಟ್ಟು, ಅದರ ಮರುದಿನ ಮತ್ತೊಂದು. ಕೊನೆಗೆ ಬಟ್ಟಲು ತುಂಬ ಗಟಗಟನೆ ಕುಡಿಯುವ ತನಕ ಬಂತು. ಅಪ್ಪ, ಅಮ್ಮ, ಆ ಮುದುಕಿ, ಯಾರಿಗೂ ಸುಳಿವಿಲ್ಲ. ಬಿಡಿಸಿದ್ದು ಯಾರು? ಜೊತೆಗೆ ಉಗ್ರಾಣಕ್ಕೆ ಬರುತ್ತಿದ್ದ ಇನ್ನೊಬ್ಬ ದಾಸಿ. ಅದೂ ಒಳ್ಳೆಯ ಬುದ್ಧಿ ಹೇಳಿ ಅಲ್ಲ. ಯಾವುದೋ ಜಗಳದಲ್ಲಿ, ಚುಚ್ಚಬೇಕೆಂದೇ, “ಕುಡುಕಿ” ಎಂದುಬಿಟ್ಟಳು. ಆ ಮಾತು ನಾಟಿತು. ಹುಡುಗಿ ತನ್ನನ್ನು ತಾನು ನೋಡಿಕೊಂಡಳು, ಆ ಕ್ಷಣವೇ ಬಿಟ್ಟಳು.

ಮಕ್ಕಳ ಮೇಲೆ ಕಣ್ಣಿಟ್ಟರೆ ಸಾಕು ಎಂದು ನಂಬಿದವರು ಇದನ್ನು ಎರಡು ಸಲ ಓದಬೇಕು. ಕಣ್ಣು ಉಗ್ರಾಣದ ಕತ್ತಲಿಗೆ ಹೋಗುವುದಿಲ್ಲ. ಅಲ್ಲಿ ಮಗು ಮತ್ತು ಮಗುವಿನ ಯೋಚನೆ, ಇಬ್ಬರೇ.

ಅದೇ ಮೋನಿಕಾ ಬೆಳೆಸಿದ ಮಗ ಹದಿನಾರನೆಯ ವಯಸ್ಸಿನಲ್ಲಿ ಕಳ್ಳನಾದ. ಮುಂದಿನ ಓದಿಗೆ ಹಣ ಹೊಂದಿಸುವ ತನಕ ಆ ವರ್ಷ ಮನೆಯಲ್ಲೇ ಕೂರಿಸಿದ್ದರು. ಅವರ ದ್ರಾಕ್ಷಿ ತೋಟದ ಪಕ್ಕದಲ್ಲಿ ಒಂದು ಪೇರ್ ಮರ. ಪೇರಳೆಯಲ್ಲ, ನಮ್ಮ ಕಡೆ ಬೆರಿಕಾಯಿ ಎನ್ನುತ್ತೇವಲ್ಲ, ಅದರ ಜಾತಿ. ಹಣ್ಣು ನೋಡಲೂ ಚೆನ್ನಾಗಿರಲಿಲ್ಲ, ರುಚಿಯೂ ಇರಲಿಲ್ಲ, ಅದಕ್ಕಿಂತ ಒಳ್ಳೆಯದು ಅವರ ಬಳಿಯೇ ಇತ್ತು. ಆದರೂ ನಡುರಾತ್ರಿ ಗೆಳೆಯರೊಂದಿಗೆ ಹೋಗಿ ಮರ ಅಲುಗಿಸಿ ಹೊರೆಗಟ್ಟಲೆ ಹೊತ್ತು ತಂದು ಹಂದಿಗಳಿಗೆ ಎಸೆದರು. ಒಬ್ಬನೇ ಇದ್ದಿದ್ದರೆ ನಾನು ಹಾಗೆ ಮಾಡುತ್ತಿರಲಿಲ್ಲ ಎಂದು ಮುಂದೆ ಧರ್ಮಾಧ್ಯಕ್ಷನಾದ ಮೇಲೂ ಅವನು ಆ ರಾತ್ರಿಯನ್ನು ಕೆದಕುತ್ತಾನೆ. ಆ ದಿನಗಳಲ್ಲಿ ಅಮ್ಮ ಹೇಳಿದ ಬುದ್ಧಿ ಅವನಿಗೆ ಹೆಂಗಸರ ಮಾತಾಗಿ ಕಂಡಿತ್ತು. ಅಪ್ಪನಿಗೋ, ಮಗ ಮಾತುಗಾರನಾದರೆ ಸಾಕಾಗಿತ್ತು.

ಹಾಗಾದರೆ ತಾಯಿ ಬೆಳೆಸಿದ್ದು ವ್ಯರ್ಥವೇ? ಮೂರು ವರ್ಷ ಕಳೆದು, ಕಾರ್ಥೇಜ್ ನಗರದಲ್ಲಿ ಓದುವಾಗ ಅವನ ಕೈಗೆ ರೋಮಿನ ಹಳೆಯ ಚಿಂತಕ ಸಿಸೆರೋನ ಒಂದು ಪುಸ್ತಕ ಸಿಗುತ್ತದೆ. ಓದಿ ಮೈಯೆಲ್ಲ ಬೆಂಕಿಯಾಗುತ್ತಾನೆ. ಆದರೆ ಒಂದು ಕೊರತೆ ಕಾಡುತ್ತದೆ: ಅದರಲ್ಲಿ ಕ್ರಿಸ್ತನ ಹೆಸರಿಲ್ಲ. ಆ ಹೆಸರನ್ನು ತಾಯಿಯ ಹಾಲಿನೊಂದಿಗೆ ಕುಡಿದಿದ್ದೆ ಎನ್ನುತ್ತಾನೆ. ಆಗ ಅವನಿಗೆ ಭಕ್ತಿಯೂ ಇರಲಿಲ್ಲ, ವಿಧೇಯತೆಯೂ ಇರಲಿಲ್ಲ. ಇದ್ದದ್ದು ಒಂದು ರುಚಿಯ ನೆನಪು. ಕಲ್ಲಿನ ಸಂದಿಯ ಪುಡಿ.

ನಮ್ಮ ಮನೆಯಲ್ಲಿ ಸಂಜೆಯ ಜಪಸರ ನನಗೆ ದೊಡ್ಡ ಶಿಕ್ಷೆಯಾಗಿತ್ತು. ಮಂಡಿ ನೋವು, ಹೊರಗೆ ಗೆಳೆಯರ ಕೂಗು, ನಾಲ್ಕನೆಯ ಹತ್ತು ಮಣಿ ಮುಗಿಯುವಷ್ಟರಲ್ಲಿ ತೂಕಡಿಕೆ. ಮುಗಿದ ಮೇಲೆ ಅಜ್ಜಿ ಒಬ್ಬೊಬ್ಬರ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಹಾಕುತ್ತಿದ್ದರು. ಬೆರಳಿಗೆ ಬೆಳ್ಳುಳ್ಳಿಯ ವಾಸನೆ. ಪ್ರಾರ್ಥನೆಯ ಅರ್ಥ ಆಗ ಒಂದೂ ತಲೆಗೆ ಹೋಗಲಿಲ್ಲ. ಇವತ್ತು ಯಾರ ಮೇಲಾದರೂ ಸಿಟ್ಟು ನೆತ್ತಿಗೇರಿದಾಗ ಹಣೆಯ ಆ ಜಾಗ ಮಾತ್ರ ನನ್ನ ಗಮನಕ್ಕೆ ಬರುತ್ತದೆ. ಎಲ್ಲ ಸಲವೂ ಅಲ್ಲ.

ಮಗ ಪರ್ಷಿಯಾದ ಮಾನಿ ಎಂಬ ಬೋಧಕನ ಪಂಥಕ್ಕೆ ಸೇರಿದಾಗ ಮೋನಿಕಾ ಒಬ್ಬ ಧರ್ಮಾಧ್ಯಕ್ಷರ ಬಳಿ ಹೋಗಿ, ಅವನೊಡನೆ ವಾದ ಮಾಡಿ ತಿದ್ದಿ ಎಂದು ಗೋಗರೆದಳು. ಅವರು ಒಪ್ಪಲಿಲ್ಲ. ಅವರನ್ನೂ ಬಾಲ್ಯದಲ್ಲಿ ಅವರ ತಾಯಿಯೇ ಅದೇ ಪಂಥದವರ ಕೈಗೆ ಒಪ್ಪಿಸಿದ್ದಳಂತೆ. ಆ ಪಂಥದ ಪುಸ್ತಕಗಳನ್ನು ಓದಿ, ನಕಲು ಮಾಡಿ, ಯಾರ ವಾದವೂ ಇಲ್ಲದೆ ತಾವೇ ಹೊರಬಂದಿದ್ದರು. ಇವನೂ ಓದುತ್ತಾನೆ, ಓದಿ ತಿಳಿಯುತ್ತಾನೆ, ನೀನು ಪ್ರಾರ್ಥಿಸು ಎಂದರು. ಅವಳು ಬಿಡಲಿಲ್ಲ, ಅಳುತ್ತಲೇ ಪೀಡಿಸಿದಳು. ಕೊನೆಗೆ ಬೇಸತ್ತು, ಹೋಗಮ್ಮ, ಇಷ್ಟು ಕಣ್ಣೀರಿನ ಮಗ ಹಾಳಾಗಲಾರ ಎಂದು ಕಳುಹಿಸಿದರು. ಬೇಸತ್ತ ಮನುಷ್ಯನ ಬಾಯಿಂದ ಅಂಥ ಮಾತು ಬಂದದ್ದು ನನಗೆ ಇಷ್ಟ.

387ರ ಪಾಸ್ಖ, ಅಂದರೆ ಈಸ್ಟರ್ ಹಬ್ಬದಲ್ಲಿ ಮಿಲಾನ್ ನಗರದಲ್ಲಿ ಸಂತ ಅಂಬ್ರೋಸ್ ಅವರಿಂದ ಅಗಸ್ಟೀನ್ ಜ್ಞಾನಸ್ನಾನ ಪಡೆದ. ಅದೇ ವರ್ಷ ಊರಿಗೆ ಮರಳುವ ಹಡಗಿಗಾಗಿ ರೋಮಿನ ಬಂದರು ಒಸ್ತಿಯಾದಲ್ಲಿ ಕಾಯುತ್ತಿದ್ದಾಗ ಮೋನಿಕಾ ಜ್ವರ ಬಂದು ಮಲಗಿದಳು. ಅದು ಅವಳ ಬದುಕಿನ 56ನೆಯ ವರ್ಷ. ಊರಿನಲ್ಲಿ ಗಂಡನ ಪಕ್ಕದಲ್ಲೇ ಮಣ್ಣಾಗಬೇಕೆಂದು ಸಮಾಧಿ ಸಿದ್ಧಮಾಡಿಸಿಕೊಂಡಿದ್ದ ಹೆಂಗಸು. ಆ ಚಿಂತೆ ಅವಳಿಗೆ ಎಷ್ಟಿತ್ತೆಂಬುದು ಮಗನಿಗೆ ಗೊತ್ತಿತ್ತು. ಇನ್ನೊಬ್ಬ ಮಗ, ಪರದೇಶದಲ್ಲಿ ಸಾಯದೆ ಸ್ವಂತ ಊರಿನಲ್ಲಿ ಕಣ್ಣುಮುಚ್ಚಿದರೆ ಒಳ್ಳೆಯದಿತ್ತು ಎಂದ. ಅವಳು ಅವನನ್ನು ಕಣ್ಣಿನಲ್ಲೇ ಗದರಿಸಿ, ಅಗಸ್ಟೀನ್ ಕಡೆ ತಿರುಗಿ, ಇವನು ಏನು ಹೇಳುತ್ತಾನೆ ನೋಡು ಎಂದಳು. ಆಮೇಲೆ ಇಬ್ಬರಿಗೂ ಹೇಳಿದಳು: ಈ ದೇಹವನ್ನು ಎಲ್ಲಾದರೂ ಹೂಳಿ, ಅದರ ಚಿಂತೆ ಬೇಡ, ನೀವು ಎಲ್ಲೇ ಇದ್ದರೂ ಪ್ರಭುವಿನ ಬಲಿಪೀಠದ ಬಳಿ ನನ್ನನ್ನು ನೆನೆಯಿರಿ, ಅಷ್ಟೇ.

ಆ ಹಳೆಯ ಆಸೆ ಅವಳ ಮನಸ್ಸಿನಿಂದ ಯಾವಾಗ ಹೋಯಿತೆಂದು ಮಗನಿಗೂ ತಿಳಿದಿರಲಿಲ್ಲ.

ನಮಸ್ಕಾರ.